ಬೀಳು ಬಿಟ್ಟ ಹೊಲವೂ ಪರಿಗ್ರಹ ಪರಿಮಾಣವೂ

ಆದಿತೀರ್ಥಂಕರ ವೃಷಭನಾಥರು ಲೋಕಕ್ಕೆ ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದು. ಅದರಲ್ಲಿ ಒದಗುವ ಹಿಂಸೆ ಉದ್ಯೋಗೀ ಹಿಂಸೆ. ಗೃಹಸ್ಥನು ಅದಕ್ಕೆ ಮಿತಿಯನ್ನು ವಿಧಿಸಿಕೊಳ್ಳಬೇಕು. ಆದರೆ ಆ ಮಿತಿಗೆ ಬೆಲೆ ಪಡೆದರೆ ಅದನ್ನು ಸಂಯಮವೆನ್ನಬಹುದೇ? ಅಮೆರಿಕದ ಕೃಷಿನೀತಿಯು ಈ ಪ್ರಶ್ನೆಯನ್ನು ಎತ್ತುತ್ತದೆ.

1933ರ ಆರ್ಥಿಕ ಕುಸಿತದ ದಿನಗಳಲ್ಲಿ, ಬೆಲೆ ಏರಿಸುವ ಸಲುವಾಗಿ, ಅಲ್ಲಿನ ಸರ್ಕಾರವು ರೈತರಿಗೆ ಹಣವಿತ್ತು ಸುಮಾರು 1 ಕೋಟಿ ಎಕರೆ ಹತ್ತಿಯ ಬೆಳೆಯನ್ನು ಉತ್ತುಹಾಕಿಸಿತು. ಸುಮಾರು 60 ಲಕ್ಷ ಹಂದಿಗಳನ್ನು ಕೊಂಡು ಕೊಲ್ಲಿಸಿತು. ಹತ್ತಿಯ ಹಣ ಬಹುಪಾಲು ಭೂಮಾಲೀಕರ ಕೈಸೇರಿತು. ದಕ್ಷಿಣದ ಅನೇಕ ಗೇಣಿದಾರರು ನೆಲೆ ಕಳೆದುಕೊಂಡರು. ಉತ್ಪಾದನೆ ಕುಗ್ಗಿತು, ಹಿಂಸೆ ಕುಗ್ಗಲಿಲ್ಲ.

1985ರ ಶಾಸನದ ಉದ್ದೇಶ ಬೇರೆ. ಮಣ್ಣು ಸುಲಭವಾಗಿ ಕೊಚ್ಚಿಹೋಗುವ ಹೊಲವನ್ನು 10ರಿಂದ 15 ವರ್ಷ ಉಳದೆ, ಅಲ್ಲಿ ಹುಲ್ಲು ಅಥವಾ ಮರ ಬೆಳೆಸುವ ರೈತನಿಗೆ ಸರ್ಕಾರ ವಾರ್ಷಿಕ ಬಾಡಿಗೆ ಕೊಡುತ್ತದೆ. ಇದರಿಂದ ಮಣ್ಣಿನ ಸವೆತ ತಗ್ಗಿತು; ಬಾತುಕೋಳಿಗಳಿಗೂ ಹುಲ್ಲುಗಾವಲಿನ ಹಕ್ಕಿಗಳಿಗೂ ಗೂಡುಕಟ್ಟಲು ತಾಣ ದೊರೆಯಿತು.

ಆದರೂ ಲೆಕ್ಕಾಚಾರ ಸರಳವಲ್ಲ. ಬಾಡಿಗೆಗಿಂತ ಹೆಚ್ಚು ಆದಾಯ ತರುವ ಹೊಲವನ್ನು ಸಾಮಾನ್ಯವಾಗಿ ಯಾರೂ ಒಪ್ಪಿಸುವುದಿಲ್ಲ. ಬಡನೆಲವೇ ಮೊದಲು ಬರುತ್ತದೆ. ಹೇಗೂ ಬೀಳಾಗಲಿದ್ದ ನೆಲಕ್ಕೂ ಹಣ ಸಲ್ಲುವುದುಂಟು. ಒಂದೆಡೆ ಬಿಟ್ಟವನು ಮತ್ತೊಂದೆಡೆ ಹೊಸ ನೆಲಕ್ಕೆ ನೇಗಿಲಿಡಬಹುದು. ಹೊಲಗಳ ಸಂಖ್ಯೆಗೆ ಮಿತಿ ಹಾಕಿಕೊಂಡ ಶ್ರಾವಕನು ನಡುವಣ ಬದುವನ್ನು ಕಿತ್ತು ಎರಡನ್ನು ಒಂದಾಗಿಸಿದಂತೆ ಇದು. ಲೆಕ್ಕ ಉಳಿಯಿತು, ವ್ರತ ಕೆಟ್ಟಿತು. ಕ್ಷೇತ್ರ-ವಾಸ್ತುಗಳ ಪ್ರಮಾಣವನ್ನು ಮೀರುವುದನ್ನು ಪರಿಗ್ರಹ ಪರಿಮಾಣದ ಅತಿಚಾರವೆಂದು ಶಾಸ್ತ್ರ ಎಣಿಸಿರುವುದು ಅಕಾರಣವಲ್ಲ.

2007ರಲ್ಲಿ ಈ ಯೋಜನೆಯಡಿ 3 ಕೋಟಿ 60 ಲಕ್ಷಕ್ಕೂ ಹೆಚ್ಚು ಎಕರೆ ಭೂಮಿ ಇತ್ತು. ಮುಂದೆ ಧಾನ್ಯದ ಬೆಲೆ ಏರಿತು. 2014ರ ಶಾಸನವು ಯೋಜನೆಯ ಗರಿಷ್ಠ ಮಿತಿಯನ್ನೂ ಇಳಿಸಿತು. 2017ರ ಹೊತ್ತಿಗೆ ಅದು ಎರಡೂವರೆ ಕೋಟಿ ಎಕರೆಗಿಂತ ಕೆಳಗಿಳಿದಿತ್ತು. ಕರಾರು ಮುಗಿದ ಎಷ್ಟೋ ಹುಲ್ಲುಗಾವಲುಗಳು ಮರಳಿ ನೇಗಿಲಿಗೆ ಸಿಕ್ಕವು.

ಹಾಗೆಂದು ಬಾಡಿಗೆಯನ್ನು ಹಳಿಯುವುದು ನ್ಯಾಯವಲ್ಲ. ಮಣ್ಣು ಉಳಿದರೆ ಲಾಭ ಸರ್ವರದು. ಅದರ ನಷ್ಟವನ್ನು ಸಾಲದ ಹೊರೆ ಹೊತ್ತ ರೈತನೊಬ್ಬನೇ ಭರಿಸಬೇಕೆನ್ನುವುದು ಧರ್ಮವಲ್ಲ. ಗೂಡುಕಟ್ಟುವ ಹಕ್ಕಿಯೂ ಹೊಲದೊಡೆಯನ ಭಾವವನ್ನು ವಿಚಾರಿಸುವುದಿಲ್ಲ. ದ್ರವ್ಯರೂಪದ ಈ ಅಹಿಂಸೆಗೂ ಬೆಲೆಯುಂಟು. ಆದರೆ ಹಣವು ವರ್ಷಗಳನ್ನು ಕೊಳ್ಳಬಲ್ಲದೇ ಹೊರತು ಭಾವವನ್ನಲ್ಲ. ಕರಾರು ತನ್ನ ಅವಧಿಯೊಂದಿಗೆ ಮುಗಿಯುತ್ತದೆ. ವ್ರತದ ಪರೀಕ್ಷೆ ಪೇಟೆಯಲ್ಲಿ ಬೆಲೆ ಏರಿದ ದಿನ ಆರಂಭವಾಗುತ್ತದೆ.

ಜೀವದಯೆಗಾಗಿ ಧನ ವಿನಿಯೋಗಿಸುವ ಶ್ರಾವಕರೂ ಸಂಸ್ಥೆಗಳೂ ಇದರಿಂದ ಎರಡು ಮಾತು ಗ್ರಹಿಸಬಹುದು. ಇಲ್ಲಿ ತಡೆದ ಹಿಂಸೆ ಬೇರೆಡೆಗೆ ಸರಿಯಿತೇ ಎಂದು ನೋಡಬೇಕು. ಆ ಹೊಲದಲ್ಲಿ ದುಡಿದು ಉಣ್ಣುತ್ತಿದ್ದ ಭೂಹೀನನ ಪಾಲು ಏನಾಯಿತೆಂದು ಕೇಳಬೇಕು. ಅವನನ್ನು ಮರೆತ ದಯೆ ಅರ್ಧದಯೆ.