ಎರಡು ಕಿವಿಗಳ ನ್ಯಾಯ

ಮನೆಯಲ್ಲೇ ಹಾಡನ್ನೋ ಹಿರಿಯರ ಮಾತನ್ನೋ ಧ್ವನಿಮುದ್ರಿಸಿಕೊಳ್ಳಲು ಸ್ಟೀರಿಯೋ ಮೈಕ್ ತಂದಿದ್ದರೆ, ಮೊದಲು ಅದನ್ನು ಪರೀಕ್ಷಿಸಿ ನೋಡಿ. ಅದರ ಮುಂದೆ ಎಡಬದಿಯಲ್ಲಿ ಒಮ್ಮೆ, ನಡುವೆ ಒಮ್ಮೆ, ಬಲಬದಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಬಳಿಕ ಹೆಡ್‌ಫೋನ್ ಧರಿಸಿ, ಕಣ್ಣು ಮುಚ್ಚಿ ಆಲಿಸಿ. ಪ್ರತಿ ಚಪ್ಪಾಳೆಯೂ ತಟ್ಟಿದ ದಿಕ್ಕಿನಿಂದಲೇ ಕೇಳಿಬಂದರೆ ಮೈಕ್ ಸರಿಯಾಗಿದೆಯೆಂದು ತಿಳಿಯಬಹುದು.

ದಿಕ್ಕು ತಿಳಿಯುವುದಾದರೂ ಹೇಗೆ? ಪಕ್ಕದಿಂದ ಬರುವ ಶಬ್ದವು ಹತ್ತಿರದ ಕಿವಿಗೆ ಮೊದಲು ತಲುಪುತ್ತದೆ. ದೂರದ ಕಿವಿಗೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ, ತುಸು ಮೆಲ್ಲಗಾಗಿ ತಲುಪುತ್ತದೆ. ಆ ಅಲ್ಪ ವ್ಯತ್ಯಾಸದಿಂದಲೇ ಮನಸ್ಸು ದಿಕ್ಕನ್ನು ಗ್ರಹಿಸುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಸ್ಟೀರಿಯೋ ಧ್ವನಿಯ ಪೇಟೆಂಟಿಗೆ ಅರ್ಜಿ ಸಲ್ಲಿಸಿದಾಗ ಆಧಾರವಾಗಿದ್ದುದು ಎರಡು ಕಿವಿಗಳ ಈ ತತ್ವವೇ. ಇಂದಿನ ಅನೇಕ ಮೈಕುಗಳಲ್ಲಿ ಎರಡು ಧ್ವನಿಗ್ರಾಹಕಗಳು ಒಂದೇ ಸ್ಥಳದಲ್ಲಿದ್ದು, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಮುಖಮಾಡಿರುತ್ತವೆ. ಎರಡರ ವರದಿಯೂ ತದ್ರೂಪವಾಗಿದ್ದರೆ ದಿಕ್ಕು ತಿಳಿಯದು. ಇಲ್ಲಿ ಭಿನ್ನತೆ ದೋಷವಲ್ಲ, ಅದೇ ಮಾಹಿತಿ.

ಆದರೆ ಮನೆಯ ವಿಷಯದಲ್ಲಿ ನಾವು ಹೀಗೆ ಯೋಚಿಸುವುದಿಲ್ಲ. ಅತ್ತೆ ಒಂದು ಹೇಳಿದರೆ, ಸೊಸೆ ಮತ್ತೊಂದು ಹೇಳಿದರೆ, ಇಬ್ಬರಲ್ಲೊಬ್ಬರು ಸುಳ್ಳಾಡುತ್ತಿದ್ದಾರೆಂದು ತೀರ್ಮಾನಿಸಿಬಿಡುತ್ತೇವೆ. ಅನೇಕ ವೇಳೆ ಮೊದಲು ದೂರು ತಂದವರ ಮಾತೇ ತೀರ್ಪಾಗುತ್ತದೆ. ಆಸ್ತಿ ಪಾಲಿನ ವಿಚಾರದಲ್ಲಿ ಹೀಗೆ ಒಂದೇ ಕಿವಿಯಿಂದ ಕೇಳಿ ಅಣ್ಣತಮ್ಮಂದಿರು ಮಾತುಬಿಟ್ಟ ಮನೆಗಳು ನಮ್ಮ ಊರುಗಳಲ್ಲಿ ವಿರಳವಲ್ಲ.

ಎರಡೂ ಕಡೆ ಕೇಳಬೇಕೆಂದರೆ, ಸತ್ಯವು ಸದಾ ನಟ್ಟನಡುವೆ ಇರುತ್ತದೆಂದು ಅರ್ಥವಲ್ಲ. ಚಪ್ಪಾಳೆಯ ಸದ್ದು ಎಡದಿಂದ ಬಂದಿದ್ದರೆ ಅದು ಎಡದ್ದೇ. ಆದರೆ ಅದು ಎಡದ್ದೆಂದು ನಿಶ್ಚಯಿಸುವುದಕ್ಕೂ ಎರಡು ಕಿವಿಗಳು ಬೇಕು. ತಪ್ಪಿತಸ್ಥನನ್ನು ತಪ್ಪಿತಸ್ಥನೆನ್ನಲು ಸಹ ಅವನ ಮಾತನ್ನು ಕೇಳಿರಬೇಕು.

ಹಾಗಾದರೆ ಎಲ್ಲ ಭಿನ್ನತೆಯೂ ಗೌರವಾರ್ಹವೇ? ಇದಕ್ಕೂ ಮೈಕಿನಲ್ಲಿ ಒಂದು ಪರೀಕ್ಷೆಯುಂಟು. ಎಡ ಬಲ ಎರಡೂ ಧ್ವನಿಗಳನ್ನು ಒಂದಾಗಿ ಕೂಡಿಸಿ ಕೇಳಬೇಕು. ಒಂದು ಬದಿಯ ತಂತಿಗಳ ಜೋಡಣೆ ತಿರುವುಮುರುವಾಗಿದ್ದರೆ, ಆ ಬದಿಯ ಧ್ವನಿತರಂಗವು ಮತ್ತೊಂದರ ಏರಿಗೆ ಇಳಿಯುತ್ತ, ಇಳಿತಕ್ಕೆ ಏರುತ್ತ ಸಾಗುತ್ತದೆ. ಹೆಡ್‌ಫೋನಿನಲ್ಲಿ ಅದು ವಿಶಾಲವಾಗಿ, ಸೊಗಸಾಗಿಯೇ ಕೇಳಿಸೀತು. ಕೂಡಿಸಿದೊಡನೆ ಮಾತ್ರ ನಡುವೆ ನಿಂತು ಹಾಡಿದವರ ದನಿಯೇ ಅಳಿಸಿಹೋಗುತ್ತದೆ.

ತಾವು ಕಂಡದ್ದನ್ನು ಹೇಳುವ ಇಬ್ಬರ ಮಾತು ಭಿನ್ನವಾಗಿದ್ದರೂ ಕೂಡಿದಾಗ ಉಳಿಯುತ್ತದೆ. ಎದುರಿನವರು ಹೇಳಿದ್ದಕ್ಕೆಲ್ಲ ಪ್ರತಿ ಹೇಳಬೇಕೆಂದೇ ಆಡುವ ಮಾತು ಹಾಗಲ್ಲ. ಗಂಡಹೆಂಡಿರು ಹಾಗೆ ಹಟ ಹಿಡಿದಾಗ ಕೇಳಿಸದೆ ಹೋಗುವುದು ಅವರಿಬ್ಬರ ಮಾತಲ್ಲ, ಅವರ ನಡುವೆ ನಿಂತ ಮಗುವಿನ ಮಾತು. ಪ್ರಿಯ ಓದುಗರೇ, ಮನೆಯ ಜಗಳಕ್ಕೆ ತೀರ್ಪು ಹೇಳುವ ಮುನ್ನ ಆ ಮಗು ಏನು ಹೇಳುತ್ತಿತ್ತೆಂದು ಒಮ್ಮೆ ಕೇಳೋಣ.