ತನ್ನ ಮುಖ ತಾನೇ ಬರೆಯುವುದು

ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ಕಾಂತೇಶನ ಕಣ್ಣುಗಳಲ್ಲಿ ಸಾಲಿಗ್ರಾಮವಿದೆ ಎಂಬುದು ಭಕ್ತರ ನಂಬಿಕೆ. ದೇವರನ್ನು ತಾವು ನೋಡುವಷ್ಟೇ ದೇವರೂ ತಮ್ಮನ್ನು ನೋಡಲಿ ಎಂಬ ಹಂಬಲ ಅಲ್ಲಿಗೆ ಬರುವವರದು. ಹೊರಗೆ ಬಂದು ಮೊಬೈಲು ಎತ್ತಿ ತಮ್ಮ ಮುಖವನ್ನೇ ಹಿಡಿಯುವವರೂ ಇರುತ್ತಾರೆ. ಅದರಲ್ಲಿ ತಪ್ಪು ಹುಡುಕುವ ಇರಾದೆ ನಮಗಿಲ್ಲ. ನಮ್ಮ ಪ್ರಶ್ನೆ ಬೇರೆ. ಅಷ್ಟು ಹತ್ತಿರದಿಂದ ತೆಗೆದ ಫೋಟೊ ಎದುರಿಗಿಟ್ಟುಕೊಂಡು ಒಬ್ಬರು ತಮ್ಮ ಚಿತ್ರವನ್ನು ತಾವೇ ಬರೆಯಲು ಕುಳಿತರೆ ಯಾವುದಕ್ಕೆ ನಿಷ್ಠರಾಗಿರಬೇಕು? ಫೋಟೊಗೋ, ಮುಖಕ್ಕೋ?

ಎರಡೂ ಒಂದೇ ಅಲ್ಲ. ಒಂದು ಅಡಿ ದೂರದ ಫೋಟೊದಲ್ಲಿ ಮೂಗು ಹಿಗ್ಗುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ. ನಾಲ್ಕೈದು ಅಡಿ ದೂರ ನಿಂತು ಮಾತಾಡುವ ನೆರೆಯವರು ಆ ಮೂಗನ್ನು ಎಂದೂ ಕಂಡಿಲ್ಲ. ಕನ್ನಡಿಯೋ ಎಡಬಲ ಅದಲುಬದಲು ಮಾಡುತ್ತದೆ. ನಮ್ಮ ಮುಖ ನಮಗಿಂತ ಮನೆಯವರಿಗೇ ಚೆನ್ನಾಗಿ ಗೊತ್ತು.

ಈ ದಾರಿಯ ದೊಡ್ಡ ಹೆಸರು ಅಮೆರಿಕದ ಚಕ್ ಕ್ಲೋಸ್ (1940–2021). 1967-68ರಲ್ಲಿ ಅವರು ತಮ್ಮ ಮುಖದ ಕಪ್ಪು-ಬಿಳುಪು ಫೋಟೊಗೆ ಚೌಕುಳಿ ಗೆರೆ ಹಾಕಿ, ಒಂದೊಂದೇ ಚೌಕವನ್ನು ಸುಮಾರು 9 ಅಡಿ ಎತ್ತರದ ಕ್ಯಾನ್ವಾಸಿಗೆ ಇಳಿಸಿದರು. ನಮ್ಮಲ್ಲಿ ಬೋರ್ಡ್ ಬರೆಯುವವರು, ಡ್ರಾಯಿಂಗ್ ಮಾಸ್ತರರು ಬಳಸುವ ಉಪಾಯವೇ ಅದು. ಕೆದರಿದ ಕೂದಲು, ಬಾಯಲ್ಲಿನ ಸಿಗರೇಟು ಯಾವುದನ್ನೂ ಬಿಡಲಿಲ್ಲ. ಕ್ಯಾಮೆರಾ ಮಸುಕಾಗಿಸಿದ್ದನ್ನು ಮಸುಕಾಗಿಯೇ ಬರೆದರು. ಮುಖಗಳನ್ನು ಗುರುತಿಸಲಾಗದ ತೊಂದರೆ ಅವರಿಗಿತ್ತು; ಚಪ್ಪಟೆ ಚಿತ್ರವಾದ ಮೇಲೆ ಮುಖ ನೆನಪಿನಲ್ಲಿ ನಿಲ್ಲುತ್ತಿತ್ತು. ಒಂದು ಚೌಕದೊಳಗೆ 'ನಾನು' ಎಂಬುದಿರುವುದಿಲ್ಲ, ಬೂದುಬಣ್ಣದ ತುಣುಕಿರುತ್ತದೆ ಅಷ್ಟೆ. ಅಹಂಕಾರಕ್ಕೆ ಹಿಡಿಯಲು ಅಲ್ಲಿ ಏನೂ ಸಿಗದು. ಕೀಳರಿಮೆಗೂ ಸಿಗದು.

ಬ್ಯಾಡಗಿ ಮೆಣಸಿನಕಾಯಿಗೆ ಸುಕ್ಕೇ ಗುರುತು. ಅದೇ ಪೇಟೆಯ ಜನ ಸ್ಟುಡಿಯೋಗೆ ಹೋದರೆ ಮುಖದ ಸುಕ್ಕು ತೆಗೆಸುತ್ತಾರೆ! ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮಾಡುತ್ತಿದ್ದ 'ಟಚಿಂಗ್' ಕೆಲಸವನ್ನು ಈಗ ಮೊಬೈಲು ಹೇಳದೆಯೇ ಮಾಡುತ್ತದೆ. ಸಂಬಂಧ ನೋಡಲು ಕಳಿಸುವ ಫೋಟೊದಲ್ಲಿ ಕಲೆ ಅಳಿಸಿದರೆ ಮೋಸಹೋಗುವವರು ಎದುರಿನವರು. ಸ್ವಂತಕ್ಕೆ ಬರೆದ ಚಿತ್ರದಲ್ಲಿ ಹುಬ್ಬಿನ ಗಾಯದ ಗುರುತು ಬಿಟ್ಟರೆ? ಅದೂ ಸುಳ್ಳೇ ಎಂಬುದು ನಮ್ಮ ಅಭಿಪ್ರಾಯ. ಕೇಳುವವರು ಯಾರೂ ಇಲ್ಲದ ಸುಳ್ಳಾದ್ದರಿಂದ ಅದು ಸಲೀಸಾಗಿ ಅಭ್ಯಾಸವಾಗುತ್ತದೆ.

ಆದರೆ ಚರ್ಮದ ಬಗೆಗಿನ ಪ್ರಾಮಾಣಿಕತೆ ನಡತೆಯವರೆಗೆ ಮುಟ್ಟುವ ಖಾತ್ರಿಯಿಲ್ಲ. 2017ರಲ್ಲಿ ಹಲವು ಮಹಿಳೆಯರು ಕ್ಲೋಸ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. 2018ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಅವರ ಪ್ರದರ್ಶನವನ್ನು ಮುಂದೂಡಿತು. ಕನ್ನಡಿ ನೋಡುವಾಗ, ರೂಪ ಚೆನ್ನಾಗಿಟ್ಟಂತೆ ಗುಣವನ್ನೂ ಚೆನ್ನಾಗಿಡು ಎಂದು ಬೇಡುವ ದುಆ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೆ ಕಲಿಸುವುದುಂಟು. ಆ ಎರಡನೆಯದು ಯಾವ ಲೆನ್ಸಿಗೂ ಸಿಗುವಂಥದ್ದಲ್ಲ.

ಜೀವಿಗಳ ಚಿತ್ರಕ್ಕೆ ಮುಸ್ಲಿಂ ವಿದ್ವಾಂಸರಲ್ಲಿ ಹಳೆಯ ಆಕ್ಷೇಪವಿದೆ. ಸೃಷ್ಟಿಕರ್ತನಿಗೆ ಸರಿಸಾಟಿಯಾಗ ಹೊರಡುವ ಗರ್ವದ ಭಯ ಅದರ ಹಿಂದಿದೆ. ಕ್ಯಾಮೆರಾ ಏನನ್ನೂ ಸೃಷ್ಟಿಸುವುದಿಲ್ಲ, ಬಿಂಬ ಹಿಡಿದಿಡುತ್ತದೆ ಎಂದು ವಾದಿಸಿ ಫೋಟೊ ಒಪ್ಪಿದವರೂ ಇದ್ದಾರೆ. ಫೋಟೊ ನೋಡಿ ಬರೆದ ಸ್ವಂತ ಮುಖ ಈ ಎರಡರ ನಡುವೆ ನಿಲ್ಲುತ್ತದೆ. ಗರ್ವದ ಮಾತು ಬಂದಾಗ ನಮಗೆ ಮೊಘಲ್ ಚಿತ್ರಕಾರ ದೌಲತ್ ನೆನಪಾಗುತ್ತಾನೆ. ಜಹಾಂಗೀರನ ಅಪ್ಪಣೆಯಂತೆ ನಿಜಾಮಿಯ 'ಖಮ್ಸಾ' ಹಸ್ತಪ್ರತಿಯ ಕೊನೆಯಲ್ಲಿ ತನ್ನನ್ನು ಬರೆದುಕೊಂಡಾಗ ಆತ ಒಂಟಿ ಮುಖ ಬರೆಯಲಿಲ್ಲ. ಆ ಪ್ರತಿಯ ಲಿಪಿಕಾರ ಅಬ್ದುರ್ರಹೀಮ್ ಎದುರಿಗಿದ್ದಾನೆ. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ಕುಳಿತಿದ್ದಾರೆ.