ನಚಿಕೇತನ ಅಗ್ನಿಪಾಠ

ಮಗುವಿಗೆ ಬೆಂಕಿ ಹೊತ್ತಿಸುವ ವಿದ್ಯೆಯನ್ನು ಕಲಿಸುವುದು ಯುಕ್ತವೋ, ಬೆಂಕಿಯ ಬಳಿಗೆ ಸುಳಿಯಗೊಡದಿರುವುದೇ ಹಿರಿಯರ ಧರ್ಮವೋ ಎಂಬ ಪ್ರಶ್ನೆಯನ್ನು ಬರಿಯ ಮನೆವಾರ್ತೆಯ ವಿಷಯವೆಂದು ಎಣಿಸುವವರು, ಕೃಷ್ಣಯಜುರ್ವೇದಕ್ಕೆ ಸೇರಿದ ಕಠೋಪನಿಷತ್ತಿನ ಮೊದಲನೆಯ ವಲ್ಲಿಯನ್ನು ಇನ್ನೊಮ್ಮೆ ಓದಬೇಕು. ಅಲ್ಲಿ ಶಿಷ್ಯನು ಇನ್ನೂ ಕುಮಾರ; ಗುರುವಾದರೋ ಸಾಕ್ಷಾತ್ ಮೃತ್ಯು. ತಂದೆಯ ಕೋಪವು ಶಮಿಸಲೆಂದು ಮೊದಲ ವರವನ್ನು ಪಡೆದ ನಚಿಕೇತನು ಎರಡನೆಯದಾಗಿ ಬೇಡಿದುದು ಅಗ್ನಿವಿದ್ಯೆಯನ್ನು. ಆತ್ಮವಿಚಾರವು ಅದರ ತರುವಾಯದ್ದು.

ಯಮನು ಅಗ್ನಿಯ ಮಹಿಮೆಯನ್ನಷ್ಟೇ ಹೊಗಳಿ ಸುಮ್ಮನಾಗಲಿಲ್ಲ. ಇಟ್ಟಿಗೆಗಳು ಎಂಥವು, ಎಷ್ಟು, ಅವನ್ನು ಇಡುವ ಬಗೆ ಯಾವುದು ಎಂಬುದನ್ನೆಲ್ಲ ಬಿಡಿಸಿ ಹೇಳಿದನು. ಹುಡುಗನು ಕೇಳಿದುದನ್ನು ಕೇಳಿದಂತೆಯೇ ಒಪ್ಪಿಸಿದನು. ಒಪ್ಪಿಸಿದ ಮೇಲೆಯೇ ಪ್ರಸನ್ನನಾದ ಗುರುವು ಆ ಅಗ್ನಿಗೆ ಶಿಷ್ಯನ ಹೆಸರನ್ನೇ ಇಟ್ಟನು. ಭಯವನ್ನು ಹುಟ್ಟಿಸುವುದರಲ್ಲಿ ಮೃತ್ಯುವಿಗಿಂತ ಸಮರ್ಥರುಂಟೆ? ಆದರೂ ಆತನು ಭಯದಿಂದ ಪಾಠ ಹೇಳಲಿಲ್ಲ.

ಬಚ್ಚಲೊಲೆಯ ಮುಂದೆ ಕುಳಿತ ಮಗುವಿಗೂ ಈ ಕ್ರಮವೇ ಸಲ್ಲತಕ್ಕದ್ದು. ಒಣಗಿದ ತೆಂಗಿನ ನಾರನ್ನು ಕೆಳಗಿಟ್ಟು, ಮೇಲೆ ಪುಳ್ಳೆಗಳನ್ನು ಗಾಳಿಯಾಡುವಷ್ಟು ಎಡೆಬಿಟ್ಟು ಅಡ್ಡಡ್ಡಲಾಗಿ ಜೋಡಿಸಿ, ಉರಿ ಹಿಡಿದ ಬಳಿಕವೇ ಸೌದೆಯನ್ನು ಒಳಕ್ಕೆ ನೂಕಬೇಕೆಂದು ತೋರಿಸಿಕೊಟ್ಟರೆ, ಗಾಳಿಯಿಲ್ಲದೆ ಉರಿಯಿಲ್ಲವೆಂಬ ತತ್ತ್ವವು ಮಗುವಿನ ಕೈಗೇ ತಿಳಿದುಬರುತ್ತದೆ. ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಬೇಕೆಂಬ ಮಾತೂ ಆಗ ಮನಸ್ಸಿಗೆ ಹತ್ತುತ್ತದೆ. ಗಾಳಿ ಹೊಕ್ಕರೆ ಕೆಂಡವು ಏನಾಗುವುದೆಂಬುದನ್ನು ಮಗುವು ಊದುಗೊಳವೆಯ ತುದಿಯಲ್ಲಿ ಕಂಡಿದೆಯಷ್ಟೆ. ಹೊಗೆಯಾಡುವ ಒಲೆಗೆ ಸೀಮೆಎಣ್ಣೆ ಸುರಿಯಬಾರದು. ಸುಟ್ಟ ಗಾಯಕ್ಕೆ ಬೆಣ್ಣೆ ಬಳಿಯದೆ 20 ನಿಮಿಷ ತಣ್ಣೀರನ್ನು ಹರಿಯಬಿಡಬೇಕು. ಬೂದಿಯ ಅಡಿಯಲ್ಲಿ ಕೆಂಡವು ಬಹಳ ಹೊತ್ತು ಜೀವ ಹಿಡಿದಿರುವುದರಿಂದ, ನೀರು ಚಿಮುಕಿಸಿ, ಕೆದಕಿ, ಮತ್ತೆ ಚಿಮುಕಿಸಿ, ತಣ್ಣಗಾದುದನ್ನು ನೋಡಿದ ಮೇಲೆಯೇ ಅಲ್ಲಿಂದ ಏಳಬೇಕು. ಈ ಕೊನೆಯ ಪಾಠವನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಋಗ್ವೇದದ ಪ್ರಥಮ ಸೂಕ್ತವೇ ಅಗ್ನಿಯನ್ನು ಕುರಿತದ್ದು. ತಂದೆಯು ಮಗನಿಗೆ ಸುಲಭನಾಗಿರುವಂತೆ ಅಗ್ನಿಯು ತಮಗೆ ಸುಲಭನಾಗಲೆಂದು ಋಷಿಯು ಅಲ್ಲಿ ಬೇಡುತ್ತಾನೆ. ಶವವನ್ನು ದಹಿಸುವ ಕ್ರವ್ಯಾದಾಗ್ನಿಯನ್ನು ದೂರ ಕಳುಹಿಸುವ ಮಂತ್ರವೂ ಅದೇ ವೇದದಲ್ಲುಂಟು. ಗೃಹಪತಿಯೂ ಕ್ರವ್ಯಾದನೂ ಅಗ್ನಿಯೇ ಆಗಿರುವಲ್ಲಿ, ಮಗುವಿಗೆ ಸಂಹಾರದ ಮುಖವನ್ನು ಮಾತ್ರ ತೋರಿಸಿ ಹೆದರಿಸುವುದು ಅಸತ್ಯಕ್ಕೆ ಸಮೀಪವಾದದ್ದೆಂದೇ ನನ್ನ ಅಭಿಪ್ರಾಯ. ಹಾಗೆ ಬೆಳೆದ ಮಗುವು ಒಂದು ದಿನ ಕದ್ದು ಕಡ್ಡಿ ಗೀರಿದಾಗ, ಅದರ ಪಕ್ಕದಲ್ಲಿ ತಿಳಿದವರು ಯಾರೂ ಇರುವುದಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಬೆಂಕಿಪೊಟ್ಟಣವನ್ನು ಎತ್ತರದಲ್ಲಿಡಿರಿ, ಆದರೆ ಕರ್ತವ್ಯವು ಅಷ್ಟಕ್ಕೇ ಮುಗಿಯಿತೆಂದು ತಿಳಿಯಬೇಡಿರಿ, ಮಗುವಿನ ಜೊತೆಯಲ್ಲಿ ಕುಳಿತು, ಹೊತ್ತಿಸುವುದನ್ನೂ ನಂದಿಸುವುದನ್ನೂ ಒಂದೇ ಪಾಠವಾಗಿ ಕಲಿಸಿ, ಅದನ್ನು ಅದರ ಬಾಯಿಂದಲೂ ಕೈಯಿಂದಲೂ ಒಪ್ಪಿಸಿಕೊಳ್ಳಿರಿ.